ಎದೆನೀರು, ಹೊಟ್ಟೆನೀರು, ಸಿಎಸ್‌ಎಫ್: ಸ್ಲೈಡ್ ಬೇಗ ಸಿದ್ಧವಾಗಬೇಕೆಂದರೆ ಯಾವ ವಿಧಾನ ಯಾರಿಗೆ ಸರಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಸ್ವಂತ ಲ್ಯಾಬ್ ನಡೆಸುವವರು, ನರ್ಸಿಂಗ್ ಹೋಮ್‌ಗಳ ಲ್ಯಾಬ್ ನೋಡಿಕೊಳ್ಳುವ ಟೆಕ್ನಿಷಿಯನ್‌ಗಳು, ಪೆಥಾಲಜಿ ಓದು ಮುಗಿಸಿ ಊರಿಗೆ ಮರಳಿದ ಕಿರಿಯ ವೈದ್ಯರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಾರೆ. ಎದೆನೀರು, ಹೊಟ್ಟೆನೀರು, ಸಿಎಸ್‌ಎಫ್ (ಮಿದುಳು-ಬೆನ್ನುಹುರಿಯ ಸುತ್ತಲಿನ ದ್ರವ) ಮುಂತಾದ ದೇಹದ್ರವದ ಸ್ಯಾಂಪಲ್‌ಗಳಿಗೆಂದು, ಜೀವಕೋಶಗಳನ್ನು ಸ್ಲೈಡಿನ ಮೇಲೆ ಕೂರಿಸುವ ಸೈಟೋಸ್ಪಿನ್ ಯಂತ್ರ ಕೊಳ್ಳುವುದೋ, ಎಲ್‌ಬಿಸಿ ಎಂದು ಕರೆಯುವ ದ್ರವಾಧಾರಿತ ಸೈಟಾಲಜಿಗೆ (ಜೀವಕೋಶ ಪರೀಕ್ಷೆಗೆ) ಹೋಗುವುದೋ, ಇದ್ದ ಸೆಂಟ್ರಿಫ್ಯೂಜ್‌ನಲ್ಲೇ ಕೆಲಸ ಸಾಗಿಸುವುದೋ, ಇಲ್ಲವೇ ಎಲ್ಲವನ್ನೂ ಹುಬ್ಬಳ್ಳಿಗೆ ಕಳಿಸಿ ಸುಮ್ಮನಿರುವುದೋ? ಯಂತ್ರ ಮಾರುವವರು ತಂದಿಡುವ ಪ್ರತಿಯೊಂದು ಕರಪತ್ರದಲ್ಲೂ ‘ತ್ವರಿತ’ ಎಂಬ ಮಾತು ದಪ್ಪಕ್ಷರದಲ್ಲಿ ಇರುತ್ತದೆ. ಅಲ್ಲಿ ನಮೂದಾದ 5 ನಿಮಿಷವು ಯಂತ್ರ ತಿರುಗುವ ಸಮಯವೇ ಹೊರತು ರೋಗಿಯ ಕೈಗೆ ವರದಿ ಸೇರುವ ಸಮಯವಲ್ಲ. ಆದ್ದರಿಂದ ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಮೊದಲು, ಯಾವುದರಿಂದ ಅಳೆಯುತ್ತೇವೆ ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಅಗತ್ಯ.

ಅಳೆಯುವುದು ಯಾವುದರಿಂದ

ಎಲ್ಲಕ್ಕಿಂತ ಮೊದಲಿನದು ವೈದ್ಯರು ಕೇಳಿರುವ ಪ್ರಶ್ನೆ. ಹೊಟ್ಟೆನೀರು ಬಂದಾಗ ಅದರಲ್ಲಿ ಸೋಂಕು ಇದೆಯೇ ಎಂಬುದು ಪ್ರಶ್ನೆಯಾಗಿದ್ದರೆ ಬೇಕಾಗುವುದು ಜೀವಕೋಶಗಳ ಎಣಿಕೆ. ಲಿವರ್ ಸಿರೋಸಿಸ್ ರೋಗಿಯ ಹೊಟ್ಟೆನೀರಿನಲ್ಲಿ ಒಂದು ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಕಲ್ಚರ್ ವರದಿಗೂ ಕಾಯದೆ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ಇದಕ್ಕೆ ಜೀವಕೋಶ ಎಣಿಸುವ ನ್ಯೂಬಾವರ್ ಚೇಂಬರ್ ಮತ್ತು ಲೀಶ್‌ಮನ್ ಬಣ್ಣ ಹಾಕಿದ ಒಂದು ಸ್ಲೈಡ್ ಸಾಕು, ಲಕ್ಷದ ಯಂತ್ರ ಬೇಡ. ಅದೇ ಹೊಟ್ಟೆನೀರಿನಲ್ಲಿ ಕ್ಯಾನ್ಸರ್ ಜೀವಕೋಶಗಳಿವೆಯೇ ಎಂದು ಕೇಳಿದರೆ ಲೆಕ್ಕವೇ ಬೇರೆಯಾಗುತ್ತದೆ. ಇವೆ, ಆದರೆ ಅವು ಅಂಡಾಶಯದವೋ ಜಠರದವೋ ಎಂದು ಕೇಳಿದರೆ ಇನ್ನೂ ಬೇರೆ.

ಎರಡನೆಯದು ದ್ರವದ ಪ್ರಮಾಣ ಮತ್ತು ಅದರಲ್ಲಿರುವ ಜೀವಕೋಶಗಳ ಸಾಂದ್ರತೆ. ಅರ್ಧ ಲೀಟರ್ ಎದೆನೀರಿಗೆ ಹೊಂದುವ ವಿಧಾನ 1 ಮಿಲಿಲೀಟರ್ ಸಿಎಸ್‌ಎಫ್‌ಗೆ ಹೊಂದುವುದಿಲ್ಲ. ಮೂರನೆಯದು, ಸೂಜಿ ಚುಚ್ಚಿದ ಗಳಿಗೆಯಿಂದ ವರದಿಯವರೆಗಿನ ಒಟ್ಟು ಹೊತ್ತು. ನಾಲ್ಕನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಮೊದಲ ಸ್ಲೈಡ್ ಆದ ಮೇಲೆ ಮುಂದಿನ ಪರೀಕ್ಷೆಗೆ ಏನು ಉಳಿಯುತ್ತದೆ? ಬೇಗ ಮುಗಿದರೂ ಇದ್ದ ಜೀವಕೋಶಗಳನ್ನೆಲ್ಲ ತಿಂದುಹಾಕುವ ವಿಧಾನವು ರೋಗಿಗೆ ಇನ್ನೊಮ್ಮೆ ಸೂಜಿ ಚುಚ್ಚಿಸುತ್ತದೆ. ಆಗ ಉಳಿಸಿದ ಅರ್ಧ ಗಂಟೆಗೆ ವಾರದ ದಂಡ ತೆರಬೇಕಾಗುತ್ತದೆ. ಈ ನಾಲ್ಕರ ನಂತರ ಖರ್ಚು, ಕೈಚಳಕವಿರುವ ಸಿಬ್ಬಂದಿ, ಕರೆಂಟು ಬರುತ್ತವೆ. ಖರ್ಚಿನಲ್ಲಿ ಯಂತ್ರದ ಬೆಲೆಗಿಂತ ಪ್ರತಿ ಸ್ಯಾಂಪಲ್‌ಗೆ ತಗಲುವ ಸಾಮಗ್ರಿಯ ಬೆಲೆಯನ್ನು ಮುಂದಿಟ್ಟು ನೋಡಬೇಕು, ಏಕೆಂದರೆ ಯಂತ್ರದ ಕಂತು ಒಂದು ದಿನ ತೀರುತ್ತದೆ, ಸಾಮಗ್ರಿಯದು ತೀರುವುದಿಲ್ಲ.

ಯಂತ್ರಕ್ಕೆ ಬರುವ ಮೊದಲೇ ಕಳೆದುಹೋಗುವ ಹೊತ್ತು

ನಮ್ಮ ಭಾಗದಲ್ಲಿ ಹೆಚ್ಚಿನ ವಿಳಂಬ ಆಗುವುದು ಲ್ಯಾಬ್‌ನೊಳಗೆ ಅಲ್ಲ. ಮುಂಡರಗಿಯಲ್ಲೋ ಹಾನಗಲ್ಲಿನಲ್ಲೋ ಬೆಳಿಗ್ಗೆ ತೆಗೆದ ನೀರು ಸಂಜೆ ಕೊರಿಯರ್ ಹುಡುಗ ಬರುವವರೆಗೆ ಮೇಜಿನ ಮೇಲೆ ಕುಳಿತಿರುತ್ತದೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಆ ಮೇಜು ಇನ್‌ಕ್ಯುಬೇಟರಿಗಿಂತ ಕಡಿಮೆಯೇನೂ ಇರುವುದಿಲ್ಲ. ಸಿಎಸ್‌ಎಫ್ ಈ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾದ ದ್ರವ. ಅದನ್ನು ಕೋಣೆಯ ಉಷ್ಣತೆಯಲ್ಲಿ ಹಾಗೆಯೇ ಇಟ್ಟರೆ ಒಂದು ಗಂಟೆಯಲ್ಲಿ ನ್ಯೂಟ್ರೋಫಿಲ್‌ಗಳ ಸುಮಾರು ಮೂರನೇ ಒಂದು ಭಾಗ, ಎರಡು ಗಂಟೆಯಲ್ಲಿ ಸುಮಾರು ಅರ್ಧ ಭಾಗ ಕರಗಿಹೋಗುತ್ತದೆ. ಹಾಗಾಗಿ ಹುಬ್ಬಳ್ಳಿಯ ದೊಡ್ಡ ಲ್ಯಾಬ್‌ನಲ್ಲಿ ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಗದಗಿನಿಂದ ಬಸ್ಸಿನಲ್ಲಿ ಬಂದ ಸಿಎಸ್‌ಎಫ್‌ನ ಎಣಿಕೆ ನಂಬುವಂತಿರುವುದಿಲ್ಲ. ಎಣಿಕೆಯೂ ಒಂದು ಸ್ಲೈಡೂ ತೆಗೆದ ಜಾಗದಲ್ಲೇ ಆಗಬೇಕು. ಕಲ್ಚರ್‌ಗೆ ಹೋಗುವ ಸಿಎಸ್‌ಎಫ್ ಟ್ಯೂಬನ್ನು ಫ್ರಿಜ್‌ಗೆ ಹಾಕಲೂಬಾರದು.

ಎದೆನೀರು, ಹೊಟ್ಟೆನೀರುಗಳು ಇಷ್ಟು ನಾಜೂಕಿನವಲ್ಲ. ಅವುಗಳಲ್ಲಿ ಪ್ರೋಟೀನ್ ಹೆಚ್ಚಿರುವುದರಿಂದ ಜೀವಕೋಶಗಳು ತಮ್ಮದೇ ದ್ರವದಲ್ಲಿ, 4 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್‌ನಲ್ಲಿ, ಎರಡು-ಮೂರು ದಿನ ಚೆನ್ನಾಗಿಯೇ ಇರುತ್ತವೆ. ಇವನ್ನು ಆಲ್ಕೋಹಾಲ್ ಸುರಿದು ಕಳಿಸುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಆಲ್ಕೋಹಾಲ್ ತಗಲಿದೊಡನೆ ಪ್ರೋಟೀನ್ ಹೆಪ್ಪುಗಟ್ಟಿ ಬಿಳಿ ಚೂರುಗಳಾಗುತ್ತದೆ, ಜೀವಕೋಶಗಳು ಬಿಗಿದುಕೊಳ್ಳುತ್ತವೆ, ಸ್ಲೈಡಿಗೆ ಸರಿಯಾಗಿ ಅಂಟುವುದಿಲ್ಲ. ಮುಂದೆ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಬಯಾಪ್ಸಿಯಂತೆ ನೋಡುವ ಸೆಲ್ ಬ್ಲಾಕ್ ಮಾಡುವ ದಾರಿಯೂ ಕಠಿಣವಾಗುತ್ತದೆ. ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯೇ ಇದಕ್ಕಿಂತ ಒಳ್ಳೆಯ ಉಪಾಯ. ಎಣಿಕೆಗೆ ಹೆಪ್ಪುಗಟ್ಟುವುದನ್ನು ತಡೆಯುವ ಇಡಿಟಿಎ ಟ್ಯೂಬು, ಸೈಟಾಲಜಿಗೆ ಹೆಪಾರಿನ್ ಅಥವಾ ಇಡಿಟಿಎ ಹಾಕಿದ ದೊಡ್ಡ ಬಾಟಲಿ, ಕಲ್ಚರ್‌ಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ದ್ರವ ತುಂಬಿದ ಬ್ಲಡ್ ಕಲ್ಚರ್ ಬಾಟಲಿ, ಹೀಗೆ ಮೊದಲೇ ಹಂಚಿಕೊಂಡರೆ ಲ್ಯಾಬ್‌ನಲ್ಲಿ ಗಂಟು ಬಿಡಿಸುತ್ತ ಕೂರುವ ಕೆಲಸ ತಪ್ಪುತ್ತದೆ. ಕ್ಯಾನ್ಸರ್ ಶಂಕೆಯಿದ್ದಾಗ 5 ಮಿಲಿಲೀಟರ್ ಸಿರಿಂಜಿನಲ್ಲಿ ತೆಗೆದು ಕಳಿಸುವುದಕ್ಕಿಂತ 50ರಿಂದ 75 ಮಿಲಿಲೀಟರ್ ಕಳಿಸಲು ಹೇಳಬೇಕು. ಈ ಒಂದು ಬದಲಾವಣೆಗೆ ಖರ್ಚಿಲ್ಲ. ಮುಂದೆ ಹೇಳುವ ಯಾವ ಯಂತ್ರವೂ ದ್ರವದ ಕೊರತೆಯನ್ನು ತುಂಬಿಕೊಡುವುದಿಲ್ಲ.

ಇದ್ದ ಸೆಂಟ್ರಿಫ್ಯೂಜ್‌ನಲ್ಲೇ ಗಸಿಯ ಸ್ಮಿಯರ್

ಬಹಳ ಲ್ಯಾಬ್‌ಗಳು ಈಗ ಮಾಡುತ್ತಿರುವುದು ಇದನ್ನೇ, ಮತ್ತು ಬಹಳ ಲ್ಯಾಬ್‌ಗಳು ಇದನ್ನು ಅವಸರದಲ್ಲಿ ಕೆಡಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ದ್ರವವನ್ನು ಟ್ಯೂಬುಗಳಿಗೆ ಹಾಕಿ 5ರಿಂದ 10 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಚೆಲ್ಲಿ, ತಳದ ಗಸಿಯನ್ನು ಸ್ಲೈಡಿನ ಮೇಲೆ ತೆಳುವಾಗಿ ಹರಡಿ ಸ್ಮಿಯರ್ ಮಾಡುವ ವಿಧಾನ ಇದು. ಸಾಮಗ್ರಿಯ ಖರ್ಚು ಹತ್ತಿಪ್ಪತ್ತು ರೂಪಾಯಿಯ ಮಾತು. ಸ್ಯಾಂಪಲ್ ಕೈಗೆ ಬಂದ ಅರ್ಧ ಗಂಟೆಯೊಳಗೆ ಮೈಕ್ರೋಸ್ಕೋಪಿನ ಕೆಳಗೆ ಸ್ಲೈಡ್ ಇಡಬಹುದು.

ಇಲ್ಲಿ ಮೊದಲು ಎಡವುವುದು ವೇಗದ ಲೆಕ್ಕದಲ್ಲಿ. ಹಳೆಯ ಸೆಂಟ್ರಿಫ್ಯೂಜ್‌ಗಳಲ್ಲಿ ನಾಬ್‌ನ ಸುತ್ತ 1ರಿಂದ 10ರವರೆಗಿನ ಗುರುತು ಮಾತ್ರ ಇರುತ್ತದೆ, ಮತ್ತು ‘ನಾಲ್ಕಕ್ಕೆ ಇಡ್ರಿ’ ಎಂಬುದೇ ಲ್ಯಾಬ್‌ನ ಶಾಸನವಾಗಿರುತ್ತದೆ. ಜೀವಕೋಶಗಳನ್ನು ತಳಕ್ಕೆ ಎಳೆಯುವುದು ಸುತ್ತಿನ ಸಂಖ್ಯೆಯೊಂದೇ ಅಲ್ಲ, ರೋಟರಿನ ತ್ರಿಜ್ಯವೂ ಹೌದು. ನಿಮಿಷಕ್ಕೆ 2000 ಸುತ್ತು ತಿರುಗುವಾಗ 10 ಸೆಂಟಿಮೀಟರ್ ತ್ರಿಜ್ಯದ ಯಂತ್ರದಲ್ಲಿ ಗುರುತ್ವದ ಸುಮಾರು 450 ಪಟ್ಟು ಬಲ ಸಿಕ್ಕರೆ, 15 ಸೆಂಟಿಮೀಟರಿನದರಲ್ಲಿ ಸುಮಾರು 670 ಪಟ್ಟು ಸಿಗುತ್ತದೆ. ಪಕ್ಕದ ಲ್ಯಾಬ್‌ನ ಅಂಕಿಯನ್ನು ಹಾಗೆಯೇ ನಕಲು ಮಾಡಿದರೆ ಜೀವಕೋಶಗಳು ಒಂದೋ ಮೇಲೆಯೇ ತೇಲುತ್ತಿರುತ್ತವೆ, ಇಲ್ಲವೇ ತಳದಲ್ಲಿ ಹಿಟ್ಟಾಗುತ್ತವೆ.

ಎರಡನೆಯದು ರಕ್ತ ಬೆರೆತ ದ್ರವ. ತಿರುಗಿಸಿದ ಮೇಲೆ ಕೆಂಪು ಕಣಗಳ ದಪ್ಪ ಪದರದ ಮೇಲೆ ಹಾಲಿನ ಕೆನೆಯಂತೆ ತೆಳುವಾದ ಬಿಳಿ ಪದರ ನಿಂತಿರುತ್ತದೆ. ನೋಡಬೇಕಾದ ಜೀವಕೋಶಗಳು ಅದರಲ್ಲಿರುತ್ತವೆ. ತಿಳಿಯನ್ನು ಒಮ್ಮೆಲೇ ಮಗುಚಿ ಚೆಲ್ಲುವವರು ಆ ಪದರದ ಅರ್ಧವನ್ನು ಸಿಂಕಿಗೆ ಕಳಿಸುತ್ತಾರೆ. ಪಾಶ್ಚರ್ ಪಿಪೆಟ್ಟಿನಿಂದ ತಿಳಿಯನ್ನು ನಿಧಾನವಾಗಿ ಮೇಲಿನಿಂದ ಎಳೆದುಕೊಂಡು, ಕೊನೆಯ ಅರ್ಧ ಸೆಂಟಿಮೀಟರ್ ಉಳಿಸಿ, ಪಿಪೆಟ್ಟಿನ ತುದಿಯನ್ನು ಬಿಳಿ ಪದರದ ಮೇಲೆ ಅಂಚಿನ ಸುತ್ತ ಆಡಿಸಿ ಹೀರಿಕೊಂಡರೆ ಒಂದು ಹನಿಯಲ್ಲಿ ಬೇಕಾದದ್ದೆಲ್ಲ ಬರುತ್ತದೆ. ಆಮೇಲೂ ರಕ್ತ ಹೆಚ್ಚಿದ್ದರೆ ಸ್ಲೈಡನ್ನು ಕಾರ್ನಾಯ್ ದ್ರಾವಣದಲ್ಲಿ 3ರಿಂದ 5 ನಿಮಿಷ ಇಟ್ಟರೆ ಕೆಂಪು ಕಣಗಳು ಒಡೆದುಹೋಗುತ್ತವೆ. ಇನ್ನೂ ಹೆಚ್ಚು ಹೊತ್ತು ಮರೆತರೆ ನ್ಯೂಕ್ಲಿಯಸ್‌ನ ವಿವರವೂ ಮಸುಕಾಗುತ್ತದೆ. ಬಾಟಲಿಯಲ್ಲಿ ಹೆಪ್ಪು ಕಂಡರೆ ಅದನ್ನು ಎಸೆಯದೆ ಫಾರ್ಮಾಲಿನ್‌ಗೆ ಹಾಕಿ ಬಯಾಪ್ಸಿಯಂತೆ ಕಳಿಸಬೇಕು, ಏಕೆಂದರೆ ಜೀವಕೋಶಗಳು ಆ ಹೆಪ್ಪಿನಲ್ಲಿ ಸಿಕ್ಕಿಕೊಂಡಿರುತ್ತವೆ.

ಸ್ಮಿಯರ್ ಎಳೆದು ಆಲ್ಕೋಹಾಲ್‌ಗೆ ಇಳಿಸುವ ಆ ಎರಡು ಸೆಕೆಂಡು ಪ್ಯಾಪ್ ಸ್ಟೇನ್ ಎಂಬ ಬಣ್ಣದ ಹಣೆಬರಹವನ್ನು ತೀರ್ಮಾನಿಸುತ್ತದೆ. ಸ್ಲೈಡಿನ ಅಂಚು ಮಂಕಾಗತೊಡಗಿತೆಂದರೆ ಅದು ಒಣಗುತ್ತಿದೆ ಎಂದರ್ಥ, ಮತ್ತು ಫ್ಯಾನ್ ಕೆಳಗೆ ಕೆಲಸ ಮಾಡುವ ಲ್ಯಾಬ್‌ನಲ್ಲಿ ಇದು ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಜಾರ್‌ನ ಮುಚ್ಚಳ ತೆಗೆದಿಟ್ಟುಕೊಂಡೇ ಸ್ಮಿಯರ್ ಎಳೆಯಬೇಕು. ಲೀಶ್‌ಮನ್ ಅಥವಾ ಗೀಮ್ಸಾಗೆ ಹೋಗುವ ಸ್ಲೈಡ್ ಮಾತ್ರ ಗಾಳಿಯಲ್ಲಿ ಬೇಗ ಒಣಗಬೇಕು.

ಈ ವಿಧಾನದ ಮಿತಿ ಸ್ಪಷ್ಟವಿದೆ. ಜೀವಕೋಶ ಕಡಿಮೆಯಿರುವ ಸಿಎಸ್‌ಎಫ್ ಮತ್ತು ಮೂತ್ರದಲ್ಲಿ ಇದು ಸೋಲುತ್ತದೆ. ಅವುಗಳಲ್ಲಿ ಪ್ರೋಟೀನ್ ತೀರಾ ಕಡಿಮೆಯಿರುವ ಕಾರಣ ಅಂಟಿಕೊಳ್ಳುವ ನಾಲ್ಕಾರು ಜೀವಕೋಶಗಳೂ ಸ್ಟೇನಿಂಗ್ ಜಾರ್‌ಗಳಲ್ಲಿ ತೊಳೆದುಹೋಗುತ್ತವೆ. ಮೊಟ್ಟೆಯ ಆಲ್ಬುಮಿನ್ ಸವರಿದ ಸ್ಲೈಡ್ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ಆದರೆ ನಾಲ್ಕನೆಯ ಅಳತೆಯಲ್ಲಿ ಈ ವಿಧಾನಕ್ಕೆ ಪೂರ್ಣ ಅಂಕ ಕೊಡಬೇಕು, ಏಕೆಂದರೆ ಒಂದು ಹನಿ ಬಳಸಿದ ಮೇಲೆ ಉಳಿದ ಗಸಿಯೆಲ್ಲ ಜೀವಂತವಾಗಿ, ಫಿಕ್ಸ್ ಆಗದೆ, ಮುಂದಿನ ಕೆಲಸಕ್ಕೆ ಸಿದ್ಧವಿರುತ್ತದೆ.

ಇದಕ್ಕೂ ಬೇಗನೆಯದೊಂದಿದೆ. ಗಸಿಯ ಒಂದು ಹನಿಗೆ ಟೊಲ್ಯುಡಿನ್ ಬ್ಲೂ ಬಣ್ಣದ ಒಂದು ಹನಿ ಬೆರೆಸಿ, ಕವರ್‌ಸ್ಲಿಪ್ ಮುಚ್ಚಿ ಆಗಲೇ ನೋಡುವುದು. ಐದು ನಿಮಿಷದ ಕೆಲಸ. ಈ ಸ್ಲೈಡ್ ಉಳಿಯುವುದಿಲ್ಲ, ವರದಿಗೆ ಇದೊಂದನ್ನೇ ನೆಚ್ಚುವಂತಿಲ್ಲ. ಆದರೂ ಗಸಿಯಲ್ಲಿ ಗುಂಪುಗಳಿವೆಯೇ, ಸೆಲ್ ಬ್ಲಾಕಿಗೆ ಎತ್ತಿಡಬೇಕೇ ಎಂಬುದನ್ನು ಹೇಳಿಬಿಡುತ್ತದೆ. ಕೀಲಿನ ನೀರಿಗಂತೂ ಬಣ್ಣವಿಲ್ಲದ ಹಸಿ ಹನಿಯೇ ಮೊದಲ ಪರೀಕ್ಷೆ, ಯೂರಿಕ್ ಆಮ್ಲದ ಹರಳುಗಳು ಅದರಲ್ಲೇ ಕಾಣುತ್ತವೆ. ಅದರ ಎಣಿಕೆಗೆ ಅಸಿಟಿಕ್ ಆಮ್ಲವಿರುವ ದ್ರಾವಣ ಬಳಸಿದರೆ ಇಡೀ ಹನಿ ಗಟ್ಟಿಯಾಗುತ್ತದೆ, ಸಲೈನ್ ಬಳಸಬೇಕು.

ಸೈಟೋಸ್ಪಿನ್

ಸೈಟೋಸೆಂಟ್ರಿಫ್ಯೂಜ್ ಎಂಬ ಈ ಯಂತ್ರದಲ್ಲಿ ಸ್ಲೈಡ್, ರಂಧ್ರವಿರುವ ಫಿಲ್ಟರ್ ಕಾರ್ಡ್, ದ್ರವದ ಬಟ್ಟಲು ಮೂರನ್ನೂ ಒಟ್ಟಿಗೆ ಕ್ಲಿಪ್ಪಿನಲ್ಲಿ ಬಿಗಿದು ತಿರುಗಿಸುತ್ತಾರೆ. ದ್ರವವನ್ನು ಕಾರ್ಡ್ ಹೀರಿಕೊಳ್ಳುತ್ತದೆ, ಜೀವಕೋಶಗಳು ಸ್ಲೈಡಿನ ಮೇಲೆ ಸಣ್ಣ ವೃತ್ತದಲ್ಲಿ ಒಂದೇ ಪದರವಾಗಿ ಕೂರುತ್ತವೆ. ಅರ್ಧ ಮಿಲಿಲೀಟರಿಗಿಂತ ಕಡಿಮೆ ದ್ರವ ಸಾಕು, ನಿಮಿಷಕ್ಕೆ 800ರಿಂದ 1000 ಸುತ್ತಿನಲ್ಲಿ 5 ನಿಮಿಷ ಸಾಕು. ನೋಡುವ ವೈದ್ಯರ ಹೊತ್ತೂ ಉಳಿಯುತ್ತದೆ, ಇಡೀ ಸ್ಲೈಡ್ ಹುಡುಕುವ ಬದಲು ಒಂದು ವೃತ್ತವನ್ನು ನೋಡಿದರಾಯಿತು.

ಸಿಎಸ್‌ಎಫ್ ವಿಷಯದಲ್ಲಿ ಇದಕ್ಕೆ ಸಾಟಿಯಾದುದು ಇಲ್ಲ. ಲ್ಯುಕೀಮಿಯಾ ಮಗುವಿನ ಸಿಎಸ್‌ಎಫ್‌ನಲ್ಲಿ ಬ್ಲಾಸ್ಟ್ ಎಂಬ ಬಲಿಯದ ಬಿಳಿ ಕಣಗಳಿವೆಯೇ ಎಂದು ನೋಡಬೇಕಾದಲ್ಲಿ, ಐಸಿಯು ಇರುವಲ್ಲಿ, ನರರೋಗ ವಿಭಾಗವಿರುವಲ್ಲಿ ಸೈಟೋಸ್ಪಿನ್ ಇಲ್ಲದೆ ಕೆಲಸ ಮಾಡುವುದು ಸರಿಯಲ್ಲ ಎಂದೇ ಹೇಳುತ್ತೇನೆ. ಬಟ್ಟಲಿಗೆ ಒಂದು ಹನಿ ಬೋವೈನ್ ಆಲ್ಬುಮಿನ್ ಹಾಕಿದರೆ ಜೀವಕೋಶಗಳು ಒಡೆಯುವುದು ಕಡಿಮೆಯಾಗುತ್ತದೆ.

ಎದೆನೀರಿಗೆ ಬಂದಾಗ ಇದರ ಮೆರುಗು ಕಡಿಮೆಯಾಗುತ್ತದೆ. ಜೀವಕೋಶ ದಟ್ಟವಾಗಿರುವ ದ್ರವವನ್ನು ಹಾಗೆಯೇ ಹಾಕಿದರೆ ವೃತ್ತದಲ್ಲಿ ಒಂದರ ಮೇಲೊಂದು ರಾಶಿಯಾಗಿ ಏನೂ ಕಾಣುವುದಿಲ್ಲ. ರಕ್ತವಿದ್ದರೆ ಇನ್ನೂ ಕಷ್ಟ. ಸಲೈನ್ ಹಾಕಿ ತೆಳುಮಾಡಿ, ಸಾಂದ್ರತೆ ಅಂದಾಜಿಸಿ, ಮತ್ತೆ ತಿರುಗಿಸುವಷ್ಟರಲ್ಲಿ ಗಸಿಯ ಸ್ಮಿಯರ್ ಸ್ಟೇನ್ ಆಗಿಯೇ ಮುಗಿದಿರುತ್ತದೆ. ಕಾರ್ಡಿನಲ್ಲಿ ಒಂದಿಷ್ಟು ಜೀವಕೋಶಗಳು ಸೋರಿಹೋಗುವುದೂ ಉಂಟು, ತಿರುಗುವ ಬಲಕ್ಕೆ ಅವು ಚಪ್ಪಟೆಯಾಗಿ ಸಹಜಕ್ಕಿಂತ ದೊಡ್ಡದಾಗಿ ಕಾಣುವುದೂ ಉಂಟು. ಪ್ರತಿಕ್ರಿಯೆಯಿಂದ ಊದಿದ, ಎದೆ-ಹೊಟ್ಟೆಯ ಒಳಪೊರೆಯ ಮೀಸೋಥೀಲಿಯಲ್ ಜೀವಕೋಶವನ್ನು ಕ್ಯಾನ್ಸರ್ ಎಂದು ಭ್ರಮಿಸುವ ಅಪಾಯ ಹೊಸಬರಿಗೆ ಇಲ್ಲಿ ಹೆಚ್ಚು.

ಬೆಲೆ ಲಕ್ಷದಿಂದ ಮೇಲಿನ ಮಾತು; ವಿದೇಶಿ ಯಂತ್ರಕ್ಕೆ ಅದರ ಹಲವು ಪಟ್ಟು. ಫಿಲ್ಟರ್ ಕಾರ್ಡುಗಳ ಖರ್ಚು ನಿರಂತರ. ಕಾರ್ಡ್ ಮುಗಿದಾಗ ಯಂತ್ರ ಅಲಂಕಾರಕ್ಕಷ್ಟೇ ಇರುತ್ತದೆ, ಆದ್ದರಿಂದ ಹುಬ್ಬಳ್ಳಿಯ ವಿತರಕರ ಬಳಿ ಕಾರ್ಡ್ ಸದಾ ಸಿಗುತ್ತದೆಯೇ ಎಂಬುದನ್ನು ಯಂತ್ರದ ಗ್ಯಾರಂಟಿಗಿಂತ ಮೊದಲು ಕೇಳಬೇಕು. ಯಂತ್ರ ಕೊಳ್ಳಲಾಗದ ಕಡೆ, ಸ್ಲೈಡಿನ ಮೇಲೆ ರಂಧ್ರವಿರುವ ಬ್ಲಾಟಿಂಗ್ ಕಾಗದ ಇಟ್ಟು, ಅದರ ಮೇಲೆ ಸಣ್ಣ ಕೊಳವೆಯನ್ನು ಕ್ಲಿಪ್ಪಿನಿಂದ ಬಿಗಿದು, ಸಿಎಸ್‌ಎಫ್ ತಾನಾಗಿ ಇಳಿಯಲು ಬಿಡುವ ಹಳೆಯ ಸೇಕ್ ಚೇಂಬರ್ ವಿಧಾನವಿದೆ. ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ, ಜೀವಕೋಶಗಳ ನಷ್ಟವೂ ಹೆಚ್ಚು; ಆದರೆ ಕರೆಂಟು ಹೋದರೂ ನಿಲ್ಲುವುದಿಲ್ಲ.

ಎಲ್‌ಬಿಸಿ

ಗರ್ಭಕಂಠದ ಪ್ಯಾಪ್ ಪರೀಕ್ಷೆಗೆಂದು ಬಂದ ತಂತ್ರ ಇದು. ಇದರ ಬ್ರಾಂಡ್‌ಗಳಲ್ಲಿ ಥಿನ್‌ಪ್ರೆಪ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ 1996ರಲ್ಲಿ, ಶ್ಯೂರ್‌ಪಾತ್‌ಗೆ 1999ರಲ್ಲಿ ದೊರೆಯಿತು. ದೇಹದ್ರವಗಳಿಗೆ ಬಳಕೆ ಆಮೇಲೆ ಹಬ್ಬಿತು. ಮೊದಲನೆಯದರಲ್ಲಿ ಮೆಥನಾಲ್ ಆಧಾರಿತ ದ್ರಾವಣದಲ್ಲಿ ಇಟ್ಟ ಜೀವಕೋಶಗಳನ್ನು ಫಿಲ್ಟರ್ ಪೊರೆಯ ಮೇಲೆ ಹಿಡಿದು ಸ್ಲೈಡಿಗೆ ಒತ್ತುತ್ತಾರೆ. ಎರಡನೆಯದರಲ್ಲಿ ಎಥನಾಲ್ ಆಧಾರಿತ ದ್ರಾವಣದಿಂದ ತೆಗೆದ ಜೀವಕೋಶಗಳನ್ನು ಸಾಂದ್ರತೆಯ ಮೆಟ್ಟಿಲಿನ ಮೂಲಕ ಇಳಿಸಿ ಕೂರಿಸುತ್ತಾರೆ. ರಕ್ತ, ಲೋಳೆ, ಕಸ ಬಹುಪಾಲು ಹೋಗಿರುತ್ತವೆ. ಸ್ಲೈಡ್ ನೋಡಲು ಸ್ವಚ್ಛ, ಒಂದೇ ಸಮ.

ದೂರದ ಊರುಗಳಿಗೆ ಇದರ ನಿಜವಾದ ಲಾಭ ಸ್ವಚ್ಛತೆಯಲ್ಲಲ್ಲ, ಸಮಯದಲ್ಲಿದೆ. ರೋಣದಲ್ಲೋ ಸವಣೂರಿನಲ್ಲೋ ತೆಗೆದ ಮೂತ್ರವನ್ನು ಅಲ್ಲೇ ವಯಲ್‌ಗೆ ಹಾಕಿಬಿಟ್ಟರೆ ಅದು ವಾರಗಟ್ಟಲೆ ಕೆಡದೆ ಇರುತ್ತದೆ, ಫ್ರಿಜ್ ಬೇಡ, ಓಡಾಟ ಬೇಡ. ಉಳಿದ ದ್ರಾವಣದಿಂದ ಇನ್ನೊಂದು ಸ್ಲೈಡ್ ಮಾಡಬಹುದು, ಡಿಎನ್‌ಎ ಪರೀಕ್ಷೆಗೂ ಕಳಿಸಬಹುದು.

ತೆರಬೇಕಾದ ಬೆಲೆಯೂ ಹಾಗೆಯೇ ಇದೆ. ಸಾಮಗ್ರಿಗೆ ಪ್ರತಿ ಸ್ಯಾಂಪಲ್‌ಗೆ ನೂರರ ಲೆಕ್ಕದಲ್ಲಿ ಹಣ ಹೋಗುತ್ತದೆ, ಯಂತ್ರ ದುಬಾರಿ. ದಿನಕ್ಕೆ ಒಂದೋ ಎರಡೋ ದ್ರವ ಬರುವ ಲ್ಯಾಬ್‌ಗೆ ಇದು ಗಿಟ್ಟುವುದಿಲ್ಲ. ಎಲ್ಲವೂ ಆಲ್ಕೋಹಾಲ್‌ನಲ್ಲಿ ಫಿಕ್ಸ್ ಆಗಿರುವುದರಿಂದ ಗಾಳಿಯಲ್ಲಿ ಒಣಗಿಸಿ ಮಾಡುವ ಗೀಮ್ಸಾ ಸ್ಲೈಡ್ ಸಿಗುವುದಿಲ್ಲ. ಲಿಂಫೋಮಾ ಶಂಕೆಯಿದ್ದಾಗ ಇದು ದೊಡ್ಡ ಕೊರತೆ. ಹಿನ್ನೆಲೆಯೂ ಅಳಿಸಿಹೋಗಿರುತ್ತದೆ. ವರ್ಷಗಟ್ಟಲೆ ಸಾಧಾರಣ ಸ್ಮಿಯರ್ ನೋಡಿದ ಕಣ್ಣಿಗೆ ಹಿನ್ನೆಲೆಯ ಲಿಂಫೋಸೈಟ್‌ಗಳೂ ಕಸವೂ ಸೇರಿ ಒಂದು ಕಥೆ ಹೇಳುತ್ತಿರುತ್ತವೆ. ಆ ಅಭ್ಯಾಸ ಬಿಟ್ಟು ಹೊಸದನ್ನು ಕಲಿಯಲು ತಿಂಗಳುಗಳೇ ಬೇಕು. ಹುಬ್ಬಳ್ಳಿಯ ದೊಡ್ಡ ಕೇಂದ್ರಗಳಿಗೆ, ಈಗಾಗಲೇ ಪ್ಯಾಪ್ ಪರೀಕ್ಷೆಗೆ ಎಲ್‌ಬಿಸಿ ಹೊಂದಿರುವವರಿಗೆ ಇದು ಹೊಂದುತ್ತದೆ. ದ್ರವಗಳಿಗಾಗಿಯೇ ಇದನ್ನು ಕೊಳ್ಳುವುದನ್ನು ನಾನು ಬೆಂಬಲಿಸುವುದಿಲ್ಲ.

ಸೆಲ್ ಬ್ಲಾಕ್

ಇದು ತ್ವರಿತವಲ್ಲ. ವರದಿ ಮರುದಿನದ್ದು, ಕೆಲವೊಮ್ಮೆ ಅದರ ಮರುದಿನದ್ದು. ಆದರೂ ಈ ಹೋಲಿಕೆಯಲ್ಲಿ ಇದಕ್ಕೆ ಜಾಗ ಕೊಡಲೇಬೇಕು, ಏಕೆಂದರೆ ಕ್ಯಾನ್ಸರ್ ವಿಷಯದಲ್ಲಿ ಚಿಕಿತ್ಸೆ ಶುರುವಾಗುವ ದಿನದವರೆಗೆ ಎಣಿಸಿದರೆ ಎಲ್ಲಕ್ಕಿಂತ ಬೇಗ ಗುರಿ ಮುಟ್ಟಿಸುವುದು ಹೆಚ್ಚಾಗಿ ಇದೇ. ಸ್ಲೈಡಿನಲ್ಲಿ ‘ಕ್ಯಾನ್ಸರ್ ಜೀವಕೋಶಗಳಿವೆ’ ಎಂದು ಒಂದೇ ದಿನದಲ್ಲಿ ಬರೆದುಕೊಟ್ಟರೂ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದ ರೋಗಿಗೆ ಅಲ್ಲಿ ಮೊದಲು ಎದುರಾಗುವ ಪ್ರಶ್ನೆ ‘ಎಲ್ಲಿಂದ ಬಂದದ್ದು?’ ಎಂಬುದೇ. ಜೀವಕೋಶದ ಮೂಲ ಗುರುತಿಸುವ ಇಮ್ಯುನೊ ಬಣ್ಣಗಳಲ್ಲಿ ಕ್ಯಾಲ್ರೆಟಿನಿನ್ ಮೀಸೋಥೀಲಿಯಂ ಕಡೆಗೆ, ಬರ್-ಇಪಿ4 ಕಾರ್ಸಿನೋಮಾ ಕಡೆಗೆ, ಟಿಟಿಎಫ್-1 ಶ್ವಾಸಕೋಶದ ಅಡಿನೋಕಾರ್ಸಿನೋಮಾ ಕಡೆಗೆ ಬೆರಳು ತೋರಿಸುತ್ತವೆ. ಈ ಇಮ್ಯುನೊ ಪರೀಕ್ಷೆಗಳೂ ಇಜಿಎಫ್‌ಆರ್‌ನಂಥ ಜೀನ್ ಪರೀಕ್ಷೆಗಳೂ ಬ್ಲಾಕಿನ ಮೇಲೆ ನಿಶ್ಚಿಂತೆಯಿಂದ ಆಗುತ್ತವೆ. 2020ರಲ್ಲಿ ಪ್ರಕಟವಾದ ದೇಹದ್ರವ ಸೈಟಾಲಜಿಯ ಅಂತರರಾಷ್ಟ್ರೀಯ ವರದಿ ಪದ್ಧತಿಯೂ ಸ್ಮಿಯರ್ ಜೊತೆಗೆ ಬ್ಲಾಕ್ ಇರಲಿ ಎಂದೇ ಹೇಳುತ್ತದೆ.

ಮಾಡುವ ಕ್ರಮ ಕಷ್ಟದ್ದಲ್ಲ. ಗಸಿಯನ್ನು ಸಲೈನಿನಲ್ಲಿ ಒಮ್ಮೆ ತೊಳೆದು ತಿರುಗಿಸಬೇಕು. ಹೆಪಾರಿನ್, ಇಡಿಟಿಎ ಉಳಿದಿದ್ದರೆ ಹೆಪ್ಪು ಸರಿಯಾಗಿ ಕಟ್ಟುವುದಿಲ್ಲ. ರಕ್ತನಿಧಿಯಿಂದ ತಂದ, ಅವಧಿ ಮೀರಿದ ಪ್ಲಾಸ್ಮಾ ಎರಡು-ಮೂರು ಹನಿ, ಅಷ್ಟೇ ಥ್ರಾಂಬಿನ್ ಹಾಕಿ ಟ್ಯೂಬನ್ನು ಮೆಲ್ಲಗೆ ಆಡಿಸಿದರೆ ಒಂದೆರಡು ನಿಮಿಷದಲ್ಲಿ ಗಸಿ ಜೆಲ್ಲಿಯಂತೆ ಗಟ್ಟಿಯಾಗಿ ಗೋಡೆ ಬಿಟ್ಟು ಜಾರತೊಡಗುತ್ತದೆ. ಥ್ರಾಂಬಿನ್ ದುಬಾರಿ ಅನ್ನಿಸಿದರೆ ಪ್ರತಿ ಲ್ಯಾಬ್‌ನಲ್ಲೂ ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಪಿಟಿ ಪರೀಕ್ಷೆಗೆಂದು ಇರುವ ಥ್ರಾಂಬೋಪ್ಲಾಸ್ಟಿನ್ ರಿಯೇಜೆಂಟ್ ಅದೇ ಕೆಲಸ ಮಾಡುತ್ತದೆ. ಆ ಹೆಪ್ಪನ್ನು ಫಿಲ್ಟರ್ ಕಾಗದದ ಮೇಲೆ ಜಾರಿಸಿ, ಮಡಚಿ, ಕ್ಯಾಸೆಟ್ಟಿನಲ್ಲಿಟ್ಟು 10 ಶೇಕಡಾ ಬಫರ್ಡ್ ಫಾರ್ಮಾಲಿನ್‌ಗೆ ಹಾಕಿದರೆ ಸಣ್ಣ ಲ್ಯಾಬ್‌ನ ಪಾಲಿನ ಕೆಲಸ ಮುಗಿಯಿತು. ಪ್ಯಾರಾಫಿನ್, ಮೈಕ್ರೋಟೋಮ್ ಇರುವಲ್ಲಿಗೆ ಆ ಕ್ಯಾಸೆಟ್ ಮಾಮೂಲಿ ಬಯಾಪ್ಸಿಯಂತೆ ಬಸ್ಸಿನಲ್ಲೂ ಹೋಗಬಹುದು, ಫಾರ್ಮಾಲಿನ್‌ಗೆ ಬಿದ್ದ ಮೇಲೆ ಬಿಸಿಲಿನ ಭಯವಿಲ್ಲ. ರಾಣೆಬೆನ್ನೂರು, ಲಕ್ಷ್ಮೇಶ್ವರದಂಥ ಊರುಗಳ ಲ್ಯಾಬ್‌ಗಳು ಬೇರೇನನ್ನೂ ಕೊಳ್ಳದೆ ಇದೊಂದನ್ನು ರೂಢಿಸಿಕೊಂಡರೆ ಸಾಕೆಂಬುದು ನನ್ನ ಗಟ್ಟಿ ನಂಬಿಕೆ.

ಇತರರ ಪ್ಲಾಸ್ಮಾದ ಜೊತೆ ಬೇರೆಯವರ ಜೀವಕೋಶಗಳೋ ಡಿಎನ್‌ಎಯೋ ಬರಬಹುದು ಎಂಬ ಎಚ್ಚರಿಕೆ ಇರಬೇಕು. ಬಳಸುವ ಮೊದಲು ಪ್ಲಾಸ್ಮಾವನ್ನೇ ಒಮ್ಮೆ ತಿರುಗಿಸಿ ಮೇಲಿನದನ್ನಷ್ಟೇ ತೆಗೆದುಕೊಳ್ಳುವುದು ಒಳ್ಳೆಯದು. ಗಸಿ ಕಣ್ಣಿಗೆ ಕಾಣದಷ್ಟು ಕಡಿಮೆಯಿದ್ದರೆ ಬ್ಲಾಕ್ ಪ್ರಯತ್ನ ವ್ಯರ್ಥ, ಸಿಎಸ್‌ಎಫ್‌ಗೆ ಇದು ಹೇಳಿಮಾಡಿಸಿದ್ದಲ್ಲ.

ಸ್ಟೇನ್‌ನಲ್ಲಿ ಉಳಿಸುವ ನಿಮಿಷಗಳು

ಪೂರ್ಣ ಪ್ಯಾಪ್ ಕ್ರಮಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಡಿಫ್-ಕ್ವಿಕ್ ಮಾದರಿಯ ಸ್ಟೇನ್ ಒಂದೆರಡು ನಿಮಿಷದ್ದು, 1995ರಲ್ಲಿ ಪರಿಚಯಿಸಲಾದ ಅಲ್ಟ್ರಾಫಾಸ್ಟ್ ಪ್ಯಾಪ್ 90 ಸೆಕೆಂಡಿನದು. ಈಗ ರ‍್ಯಾಪಿಡ್ ಪ್ಯಾಪ್ ಕಿಟ್‌ಗಳೂ ಸಿಗುತ್ತವೆ. ದ್ರವಗಳಿಗೆ ಒಂದು ಲೀಶ್‌ಮನ್ ಅಥವಾ ಡಿಫ್-ಕ್ವಿಕ್, ಒಂದು ಪ್ಯಾಪ್ ಜೊತೆಯಾಗಿ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಜೀವಕೋಶ ದಟ್ಟವಾದ ಎದೆನೀರಿನ ಸ್ಲೈಡಿನಿಂದ ಕಳಚಿದ ಗುಂಪು ಜಾರ್‌ನಲ್ಲಿ ತೇಲಿ ಮುಂದಿನ ರೋಗಿಯ ಸ್ಲೈಡಿಗೆ ಅಂಟಿಕೊಂಡರೆ ಆಗುವ ಅನಾಹುತ ಊಹಿಸಬಹುದು. ಅಂಥ ಸ್ಲೈಡುಗಳನ್ನು ದಿನದ ಕೊನೆಗೆ ಸ್ಟೇನ್ ಮಾಡಬೇಕು, ಬಣ್ಣಗಳನ್ನು ಸೋಸಬೇಕು. ವೇಗದ ಹೆಸರಿನಲ್ಲಿ ಈ ಸೋಸುವಿಕೆಯನ್ನು ಬಿಡುವಂತಿಲ್ಲ.

ಟಿಬಿ ಶಂಕೆಯ ದ್ರವ

ನಮ್ಮಲ್ಲಿ ಹರೆಯದವರ ಎದೆನೀರು ಎಂದಾಗ ವೈದ್ಯರ ಮನಸ್ಸಿಗೆ ಮೊದಲು ಬರುವುದು ಕ್ಷಯ. ಸ್ಲೈಡ್ ತಯಾರಿಯ ಮೇಲಿನ ಯಾವ ವಿಧಾನವೂ ಇದಕ್ಕೆ ಉತ್ತರವಲ್ಲ, ಎದೆನೀರಿನ ಸ್ಮಿಯರ್‌ನಲ್ಲಿ ಟಿಬಿ ಬ್ಯಾಕ್ಟೀರಿಯಾ ಕಾಣುವುದೇ ಅಪರೂಪ. ಲಿಂಫೋಸೈಟ್‌ಗಳೇ ಹೆಚ್ಚಿರುವ ದ್ರವ, ಎಡಿಎ ಎಂಬ ಕಿಣ್ವ ಲೀಟರಿಗೆ 40 ಯೂನಿಟ್‌ಗಿಂತ ಮೇಲೆ, ಇವೆರಡೂ ಸೇರಿದರೆ ದಾರಿ ಸಾಕಷ್ಟು ಸ್ಪಷ್ಟವಾಗುತ್ತದೆ. ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಸಿಬಿನ್ಯಾಟ್, ಟ್ರೂನ್ಯಾಟ್ ಪರೀಕ್ಷೆಗಳು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಸಿಬಿನ್ಯಾಟ್ ಎರಡು ಗಂಟೆಯ ಆಸುಪಾಸಿನಲ್ಲಿ ಫಲಿತಾಂಶ ಕೊಡುತ್ತದೆ. ಎದೆನೀರಿನಲ್ಲಿ ಅದು ನೆಗೆಟಿವ್ ಬಂದರೆ ಟಿಬಿ ಇಲ್ಲವೆಂದು ಬರೆಯುವಂತಿಲ್ಲ. ಪಾಸಿಟಿವ್ ಬಂದರೆ ಮಾತ್ರ ಅದು ಗಟ್ಟಿ ಉತ್ತರ, ಜೊತೆಗೆ ರಿಫಾಂಪಿಸಿನ್ ಪ್ರತಿರೋಧದ ಮಾಹಿತಿಯೂ ಸಿಗುತ್ತದೆ. ಮಿದುಳಿನ ಟಿಬಿಗೆ ಸಿಎಸ್‌ಎಫ್ ಕಳಿಸುವಾಗ ಪ್ರಮಾಣ ಹೆಚ್ಚಿದ್ದಷ್ಟೂ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ಹೆಚ್ಚು. ಟಿಬಿ ಶಂಕೆಯ ದ್ರವವನ್ನು ಮುಚ್ಚಳವಿರುವ ಟ್ಯೂಬಿನಲ್ಲೇ ತಿರುಗಿಸಬೇಕು, ಯಂತ್ರ ನಿಂತೊಡನೆ ಮುಚ್ಚಳ ತೆಗೆಯದೆ ಸ್ವಲ್ಪ ಹೊತ್ತು ಕಾಯಬೇಕು. ಇಲ್ಲದಿದ್ದರೆ ಅದರ ತುಂತುರನ್ನು ಉಸಿರಾಡುವವರು ಟೆಕ್ನಿಷಿಯನ್ನರೇ.

ಯಾರಿಗೆ ಯಾವುದು

ದಿನಕ್ಕೆ ಒಂದೆರಡು ದ್ರವ ಬರುವ ತಾಲ್ಲೂಕು ಊರಿನ ಲ್ಯಾಬ್ ಯಾವ ಯಂತ್ರವನ್ನೂ ಕೊಳ್ಳಬೇಕಿಲ್ಲ. ಸೆಂಟ್ರಿಫ್ಯೂಜ್‌ನ ನಿಜವಾದ ವೇಗವನ್ನು ಟ್ಯಾಕೋಮೀಟರಿನಿಂದ ಅಳೆಸಿ, ಎಣಿಕೆ ಮತ್ತು ಲೀಶ್‌ಮನ್ ಸ್ಲೈಡನ್ನು ಸ್ಥಳದಲ್ಲೇ ಮಾಡಿ, ಕ್ಯಾನ್ಸರ್ ಶಂಕೆಯಿದ್ದರೆ ಗಸಿಯನ್ನು ಹೆಪ್ಪುಗಟ್ಟಿಸಿ ಫಾರ್ಮಾಲಿನ್‌ನಲ್ಲಿ ಕಳಿಸುವುದು ಅವರಿಗೆ ಸರಿ. ಯಂತ್ರಕ್ಕೆಂದು ತೆಗೆದಿಟ್ಟ ಹಣ ಇದ್ದರೆ ಒಳ್ಳೆಯ ಮೈಕ್ರೋಸ್ಕೋಪಿಗೂ ಇನ್ವರ್ಟರಿಗೂ ಹಾಕುವುದು ಮೇಲು.

ಐಸಿಯು, ಮಕ್ಕಳ ವಿಭಾಗ ಇರುವ, ವಾರದಲ್ಲಿ ಹಲವು ಸಿಎಸ್‌ಎಫ್ ಬರುವ ಗದಗ ಅಥವಾ ಹಾವೇರಿ ಪಟ್ಟಣದ ಆಸ್ಪತ್ರೆಗೆ ಸೈಟೋಸ್ಪಿನ್ ಸಾರ್ಥಕ. ಎದೆನೀರುಗಳನ್ನು ಅದರಲ್ಲಿ ಹಾಕಲೇಬೇಕೆಂಬ ಹಟ ಬೇಡ. ಇಂಥಲ್ಲಿ ಅನೇಕ ಬಾರಿ ಬಾಡಿ ಫ್ಲೂಯಿಡ್ ಮೋಡ್ ಇರುವ ಸೆಲ್ ಕೌಂಟರ್ ಕೊಳ್ಳುವ ಮಾತೂ ಬರುತ್ತದೆ. ಅದು ಎಣಿಕೆಯನ್ನು ಒಂದು ನಿಮಿಷಕ್ಕೆ ಇಳಿಸುತ್ತದೆ, ರಾತ್ರಿ ಪಾಳಿಯ ಒಬ್ಬನೇ ಟೆಕ್ನಿಷಿಯನ್‌ಗೆ ದೊಡ್ಡ ಉಪಕಾರ. ಆದರೆ ಕ್ಯಾನ್ಸರ್ ಜೀವಕೋಶವನ್ನು ಗುರುತಿಸುವ ಕೆಲಸ ಅದರದಲ್ಲ, ಸ್ಲೈಡ್ ಬೇಕೇ ಬೇಕು.

ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಎಂದೇ ಇರುವ ಹುಬ್ಬಳ್ಳಿ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಯಷ್ಟು, ಧಾರವಾಡ ಸತ್ತೂರಿನ ವೈದ್ಯಕೀಯ ಕಾಲೇಜಿನಷ್ಟು ಸ್ಯಾಂಪಲ್ ಬರುವ ಜಾಗಗಳಿಗೆ ಇವುಗಳಲ್ಲಿ ಒಂದನ್ನೇ ಆರಿಸುವ ಪ್ರಶ್ನೆಯಿಲ್ಲ. ದ್ರವ ನೋಡಿ ವಿಧಾನ ಹಂಚುವ ಒಂದು ಲಿಖಿತ ಕ್ರಮ ಅಲ್ಲಿ ಬೇಕು. ಎಲ್ಲ ಊರುಗಳಿಂದ ಸ್ಯಾಂಪಲ್ ತರಿಸಿಕೊಳ್ಳುವ ಖಾಸಗಿ ಕೇಂದ್ರಕ್ಕೆ, ಪ್ಯಾಪ್ ಕೆಲಸವೂ ಸಾಕಷ್ಟಿದ್ದರೆ, ಎಲ್‌ಬಿಸಿ ಲೆಕ್ಕಕ್ಕೆ ಬರುತ್ತದೆ.

ಕೊಳ್ಳುವ ತೀರ್ಮಾನಕ್ಕೆ ಬಂದವರು ಡೆಮೊ ಕೇಳದೆ ಸಹಿ ಹಾಕಬಾರದು. ಕಂಪನಿಯವರು ತಮ್ಮದೇ ಸ್ಯಾಂಪಲ್ ತಂದು ತೋರಿಸುವ ಡೆಮೊ ಅಲ್ಲ. ನಿಮ್ಮ ಫ್ರಿಜ್‌ನಲ್ಲಿರುವ ರಕ್ತ ಬೆರೆತ ಎದೆನೀರು, ಜೀವಕೋಶವೇ ಇಲ್ಲದಂಥ ಸಿಎಸ್‌ಎಫ್, ಲೋಳೆ ತುಂಬಿದ ಕೀಲಿನ ನೀರು ಈ ಮೂರನ್ನು ಅವರ ಯಂತ್ರದಲ್ಲೂ ನಿಮ್ಮ ಹಳೆಯ ವಿಧಾನದಲ್ಲೂ ಜೊತೆಜೊತೆಗೆ ಮಾಡಿಸಿ, ಸ್ಲೈಡುಗಳ ಮೇಲಿನ ಗುರುತನ್ನು ಮರೆಮಾಡಿ, ವರದಿಗೆ ಸಹಿ ಹಾಕುವ ಪೆಥಾಲಜಿಸ್ಟ್ ಎದುರು ಇಡಬೇಕು. ಎರಡು ಗುಂಪುಗಳಲ್ಲಿ ಯಾವುದು ಯಾವ ವಿಧಾನದ್ದೆಂದು ಅವರಿಗೆ ಹೇಳಲಾಗದಿದ್ದರೆ ಹಣವನ್ನು ಬ್ಯಾಂಕಿನಲ್ಲೇ ಇಟ್ಟುಕೊಳ್ಳಬಹುದು.